ಗುತ್ತ್ಯಮ್ಮನ ಗುಹೆ

ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ದೇವಿಗೆ ಮೂರ್ತಿಗಿಂತ ಮೊದಲು ಬಂಡೆಯಿತ್ತು. ಕೋಟೆ ಹೊತ್ತ ಗುಡ್ಡದ ಗುಹೆಯಲ್ಲಿ ಹೆಣ್ಣಿನ ಸೊಂಟವನ್ನು ಹೋಲುವ ಸಹಜ ಕಲ್ಲೇ ರೇಣುಕಾಂಬೆ. ಭಕ್ತರ ಬಾಯಲ್ಲಿ ಗುತ್ತ್ಯಮ್ಮ. ತಾಯಿಯ ತಲೆ ಕಡಿಯಲು ಪರಶುರಾಮ ಬೆನ್ನಟ್ಟಿದಾಗ ರೇಣುಕೆ ಇಲ್ಲಿ ಅಡಗಿದಳು, ಓಟದಲ್ಲಿ ಉಟ್ಟ ಬಟ್ಟೆ ಜಾರಿತು ಎನ್ನುತ್ತದೆ ಐತಿಹ್ಯ. ಕೊಡಲಿ ಹಿಡಿದ ಆ ಮಗನಿಗೂ ಇದೇ ಊರಲ್ಲಿ ಗುಡಿಯುಂಟು!

ಬೆತ್ತಲೆ ಸೇವೆಗೆ ಆಧಾರವಾದದ್ದು ಈ ಕಥೆಯೇ. ಮಾರ್ಚ್ ಜಾತ್ರೆಯಲ್ಲಿ ಹರಕೆ ಹೊತ್ತ ಗಂಡಸರು, ಹೆಂಗಸರು ವರದಾ ನದಿಯಲ್ಲಿ ಮಿಂದು, ಬೇವಿನ ಸೊಪ್ಪು ಹಿಡಿದು, ಬೆತ್ತಲೆಯಾಗಿ ಗುಡಿಯತ್ತ ನಡೆಯುತ್ತಿದ್ದರು. ಹರಕೆ ಹೊರುತ್ತಿದ್ದವರಲ್ಲಿ ದಲಿತರು, ಹಿಂದುಳಿದವರೇ ಹೆಚ್ಚು. ಭಾರ ಯಾರ ಮೈಮೇಲೆ ಬೀಳುತ್ತಿತ್ತು ಎಂಬುದನ್ನು ಕೇಳದೆ ಇದನ್ನು ಬರೀ ಭಕ್ತಿಯೆಂದು ಬಿಡಲಾಗದು.

1986ರ ಮಾರ್ಚಿನಲ್ಲಿ ಈ ಸೇವೆಯನ್ನು ತಡೆಯಲು ಹೋದ ಕಾರ್ಯಕರ್ತರ ಮೇಲೆ, ಪೊಲೀಸರ ಮೇಲೆ ಗುಂಪು ಎರಗಿತು. ಪೊಲೀಸರನ್ನೇ ವಿವಸ್ತ್ರಗೊಳಿಸಿ ಮೆರವಣಿಗೆ ಮಾಡಿತು. ಸುದ್ದಿ ದೇಶವೆಲ್ಲ ಹಬ್ಬಿತು. ಸರ್ಕಾರ ಸೇವೆಯನ್ನು ನಿಷೇಧಿಸಿತು, ನ್ಯಾಯಮೂರ್ತಿ ಚನ್ನಬಸಪ್ಪ ಸಮಿತಿ ವಿಚಾರಣೆ ನಡೆಸಿತು.

ಬೆತ್ತಲೆಯ ಮಾತು ಬಂದಾಗ ಅಕ್ಕಮಹಾದೇವಿಯನ್ನು ನೆನೆಯುವವರುಂಟು; ಪಕ್ಕದ ಶಿಕಾರಿಪುರ ತಾಲ್ಲೂಕಿನ ಉಡುತಡಿ ಅವಳ ಊರು. 12ನೇ ಶತಮಾನದಲ್ಲಿ ಅಕ್ಕ ಉಡುಗೆ ತೊರೆದದ್ದು ತನ್ನ ಇಚ್ಛೆಯಿಂದ. ಗುತ್ತಿಯ ಹರಕೆಯ ಹಿಂದಿದ್ದದ್ದು ದೇವಿಯ ಮುನಿಸಿನ ಭಯ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವವರು ಈ ವ್ಯತ್ಯಾಸ ಮರೆಯುತ್ತಾರೆ.

ಜಾತ್ರೆ ನಿಂತಿಲ್ಲ. ಈಗ ಹಣ್ಣುಕಾಯಿ, ಅರಿಶಿನ–ಕುಂಕುಮ, ಉಡಿ ತುಂಬುವ ಸೇವೆಗೆ ಜನ ಬರುತ್ತಾರೆ.