ಒಂದು ಪೌಂಡ್ ಧಾನ್ಯ, ಒಂದು ಹಿಡಿ ಸೊಪ್ಪು



ಹಿತ್ತಲಲ್ಲಿ ಬೆಳೆದ ನುಗ್ಗೆಸೊಪ್ಪನ್ನೋ ಸೋರೆಕಾಯಿಯನ್ನೋ ಹಸಿದವರಿಗೆ ಕೊಡೋಣ ಎಂದರೆ, "ಅಕ್ಕಿ ಕೊಟ್ಟರೆ ಸಾಲದೇ?" ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಗೆ ನಮ್ಮ ಸೀಮೆಯ ಚರಿತ್ರೆಯಲ್ಲೇ ಉತ್ತರವಿದೆ.

ಹಿಂದೂಪುರ, ಕಲ್ಯಾಣದುರ್ಗ ಇಂದು ಆಂಧ್ರಪ್ರದೇಶದಲ್ಲಿವೆ. ಆದರೆ 1882ರಲ್ಲಿ ಅನಂತಪುರ ಜಿಲ್ಲೆ ಆಗುವವರೆಗೆ ಈ ಪ್ರದೇಶ ಬಳ್ಳಾರಿ ಜಿಲ್ಲೆಗೆ ಸೇರಿತ್ತು. 1876ರಲ್ಲಿ ಮಳೆ ಕೈಕೊಟ್ಟಿತು. ಹಿರಿಯರು ಧಾತು-ಈಶ್ವರ ಬರ ಎಂದು ಕರೆದದ್ದು ಇದನ್ನೇ. 1871ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಇಲ್ಲಿನ ಜನಸಂಖ್ಯೆ ಸುಮಾರು ಐದರಲ್ಲೊಂದು ಪಾಲು ಇಳಿದುಹೋಯಿತು.

ಸರ್ಕಾರ ಪರಿಹಾರ ಕಾಮಗಾರಿಗಳನ್ನು ತೆರೆಯಿತು. 1877ರ ಆರಂಭದಲ್ಲಿ ಬಂದ ಸರ್ ರಿಚರ್ಡ್ ಟೆಂಪಲ್ ಖರ್ಚು ತಗ್ಗಿಸಲು ಕೂಲಿ ಕಡಿತ ಮಾಡಿಸಿದರು. ದಿನವಿಡೀ ದುಡಿದ ಗಂಡಾಳಿಗೆ ಒಂದು ಪೌಂಡ್ ಧಾನ್ಯ, ಅಂದರೆ ಸುಮಾರು 450 ಗ್ರಾಂ, ಜೊತೆಗೆ ಪುಡಿಗಾಸು. ಹೆಂಗಸರಿಗೆ, ಮಕ್ಕಳಿಗೆ ಇನ್ನೂ ಕಡಿಮೆ. ಮದ್ರಾಸಿನ ಸ್ಯಾನಿಟರಿ ಕಮಿಷನರ್ ಆಗಿದ್ದ ಡಾ. ವಿಲಿಯಂ ಕಾರ್ನಿಷ್ ಇದನ್ನು ವಿರೋಧಿಸಿದರು. ಕನಿಷ್ಠ ಒಂದೂವರೆ ಪೌಂಡ್ ಧಾನ್ಯ ಬೇಕು, ಅದರ ಜೊತೆ ತರಕಾರಿಯೂ ಬೇಳೆಯಂಥ ಪುಷ್ಟಿಕರ ಆಹಾರವೂ ಬೇಕು ಎಂಬುದು ಅವರ ವಾದ. ಕೆಲವು ತಿಂಗಳ ನಂತರ ಸರ್ಕಾರ ಅರ್ಧ ಒಪ್ಪಿತು: ಧಾನ್ಯ ಸ್ವಲ್ಪ ಏರಿತು, ತುಸು ಬೇಳೆ ಸೇರಿತು. ಅಷ್ಟರಲ್ಲಿ ಎಷ್ಟೋ ಜನ ತೀರಿಹೋಗಿದ್ದರು.

ಧಾನ್ಯವನ್ನು ತಿಂಗಳುಗಟ್ಟಲೆ ಗೋದಾಮಿನಲ್ಲಿಡಬಹುದು. ಸೊಪ್ಪು ಸಂಜೆಗೇ ಬಾಡುತ್ತದೆ. ಆದ್ದರಿಂದ ಬೆಳಿಗ್ಗೆ ಕಿತ್ತು ಮಧ್ಯಾಹ್ನದೊಳಗೆ ಅಡುಗೆಮನೆಗೆ ಮುಟ್ಟಿಸಲು ಹತ್ತಿರದ ಜನರೇ ಬೇಕು.

ಫುಡ್ ಬ್ಯಾಂಕ್ ಹುಟ್ಟಿದ್ದೂ ಹೀಗೇ. ಅಮೆರಿಕದ ಫೀನಿಕ್ಸ್ ನಗರದಲ್ಲಿ ಜಾನ್ ವ್ಯಾನ್ ಹೆಂಗಲ್ ಎಂಬ ಸ್ವಯಂಸೇವಕ, ಕೀಳುವವರಿಲ್ಲದೆ ಹಾಳಾಗುತ್ತಿದ್ದ ಕಿತ್ತಳೆ ಜಾತಿಯ ಹಣ್ಣುಗಳನ್ನು ಒಡೆಯರ ಒಪ್ಪಿಗೆ ಪಡೆದು ಕಿತ್ತು, ಬಡವರ ಊಟದ ಮನೆಗೆ ಕೊಡುತ್ತಿದ್ದರು. ಬಂದದ್ದು ಹೆಚ್ಚಾದಾಗ ಸಂತ ಮರಿಯಮ್ಮನವರ ಚರ್ಚು ಒಂದು ಹಳೆಯ ಕಟ್ಟಡ ಕೊಟ್ಟಿತು. 1967ರಲ್ಲಿ ಅಲ್ಲಿ ಜಗತ್ತಿನ ಮೊದಲ ಫುಡ್ ಬ್ಯಾಂಕ್ ಶುರುವಾಯಿತು. 1995ರಲ್ಲಿ ಅಲಾಸ್ಕಾದ ತೋಟಗಾರಿಕೆ ಅಂಕಣಕಾರ ಜೆಫ್ ಲೊವೆನ್‌ಫೆಲ್ಸ್, ಹಸಿದವರಿಗಾಗಿ ಒಂದು ಸಾಲು ಹೆಚ್ಚು ಬೆಳೆಯಿರಿ ಎಂದು ಓದುಗರನ್ನು ಕೇಳಿದರು. ಆ ಕೋರಿಕೆ ದೇಶದುದ್ದಕ್ಕೂ ಹಬ್ಬಿತು.

ಇದೇನೂ ನಮಗೆ ಹೊಸದಲ್ಲ. ಹೊಲದ ಅಂಚನ್ನು ಪೂರಾ ಕೊಯ್ಯದೆ ಬಡವರಿಗೂ ಪರದೇಶಿಗಳಿಗೂ ಬಿಡಬೇಕೆಂದು ಯಾಜಕಕಾಂಡ ಹೇಳುತ್ತದೆ. ರೂತಳು ಹಕ್ಕಲಾಯ್ದದ್ದು ಅಂಥ ಹೊಲದಲ್ಲೇ.

ಬೆಳೆ ಹಬ್ಬಕ್ಕೆ ನಾವು ತರುವ ಬುಟ್ಟಿಗಳನ್ನು ಹರಾಜು ಹಾಕುವ ಮುನ್ನ ಒಂದು ಪಾಲನ್ನು ತೆಗೆದಿಡೋಣವೇ? ಅದೇ ದಿನ ಹತ್ತಿರದ ಅನಾಥಾಲಯಕ್ಕೋ ವೃದ್ಧಾಶ್ರಮಕ್ಕೋ ಮುಟ್ಟಿಸೋಣ. ಅಕ್ಕಿ ಅವರಿಗೆ ಬೇರೆ ಕಡೆಯಿಂದ ಬರಬಹುದು. ಕಾರ್ನಿಷ್ ಕೇಳಿದ ಆ ತರಕಾರಿಯನ್ನು ನಾವು ಕೊಡಬಹುದು.