ಕನ್ನಡ ನಾಡಿನಿಂದ ಸಂಸತ್ತಿಗೆ

ಮೈಸೂರು ರಾಜ್ಯದಿಂದ ಸಂಸತ್ತಿಗೆ ಹೋದ ಮೊದಲ ತಲೆಮಾರಿನ ನಾಯಕರಲ್ಲಿ ಎಚ್.ಸಿ. ದಾಸಪ್ಪ, ಕೆ. ಹನುಮಂತಯ್ಯ, ಎಸ್. ನಿಜಲಿಂಗಪ್ಪ ಮೂವರೂ ಸ್ವಾತಂತ್ರ್ಯ ಚಳವಳಿಗೆ ಧುಮುಕಿದ ವಕೀಲರಾಗಿದ್ದುದು, ರಾಜಕೀಯದ ಆಗಿನ ದಾರಿ ನ್ಯಾಯಾಲಯದ ಅಂಗಳದಿಂದಲೇ ಸಾಗುತ್ತಿದ್ದುದನ್ನು ತೋರಿಸುತ್ತದೆ.

ರೈಲ್ವೆ ಖಾತೆಯು ಈ ನಾಡಿನವರಿಗೆ ಮತ್ತೆ ಮತ್ತೆ ಒಲಿದು ಬಂದಿದ್ದು, ದಾಸಪ್ಪ ಮತ್ತು ಹನುಮಂತಯ್ಯನವರ ನಂತರ ಬ್ಯಾಂಕಿಂಗ್ ಕ್ಷೇತ್ರದಿಂದ ಬಂದ ಟಿ.ಎ. ಪೈ ಅದನ್ನು ನಿರ್ವಹಿಸಿದರು. 1991ರಿಂದ 1995ರವರೆಗೆ ಸಿ.ಕೆ. ಜಾಫರ್ ಷರೀಫ್, ಕಿರಿದಾದ ಹಳಿಗಳನ್ನು ಅಗಲವಾದ ಬ್ರಾಡ್‌ಗೇಜ್‌ಗೆ ಬದಲಿಸುವ ಕೆಲಸಕ್ಕೆ ವೇಗ ಕೊಟ್ಟರು.

ಆದರೆ ಎಲ್ಲರಿಗಿಂತ ವಿಶಿಷ್ಟವಾದದ್ದು ಕೆ.ಎಸ್. ಹೆಗ್ಡೆಯವರ ಬದುಕು. ಅವರು 1952ರಲ್ಲಿ ರಾಜ್ಯಸಭೆಗೆ, ಅಂದರೆ ವಿಧಾನಸಭೆಗಳ ಶಾಸಕರು ಚುನಾಯಿಸುವ ಸದಸ್ಯರೇ ಹೆಚ್ಚಾಗಿರುವ ಮೇಲ್ಮನೆಗೆ, ಪ್ರವೇಶಿಸಿ, 1957ರಲ್ಲಿ ಅದನ್ನು ಬಿಟ್ಟು ಮೈಸೂರು ಹೈಕೋರ್ಟಿನ ನ್ಯಾಯಮೂರ್ತಿಯಾಗಿ, ಮುಂದೆ ಸುಪ್ರೀಂ ಕೋರ್ಟನ್ನು ತಲುಪಿದರು. ಎಡನೀರು ಮಠದ ಕೇಶವಾನಂದ ಭಾರತಿಯವರ ಮೊಕದ್ದಮೆಯಲ್ಲಿ, ಸಂವಿಧಾನದ ಮೂಲರಚನೆಯನ್ನು ಸಂಸತ್ತು ಬದಲಿಸಲಾಗದೆಂಬ ತೀರ್ಪು 1973ರ ಏಪ್ರಿಲ್ 24ರಂದು ಹೊರಬಿದ್ದಾಗ ಅವರು ಆ ಬಹುಮತದಲ್ಲಿದ್ದರು. ಅದರ ಬೆನ್ನಲ್ಲೇ ಸೇವಾ ಹಿರಿತನವನ್ನು ಬದಿಗೊತ್ತಿ ಕಿರಿಯರೊಬ್ಬರನ್ನು ಮುಖ್ಯ ನ್ಯಾಯಮೂರ್ತಿಯಾಗಿ ನೇಮಿಸಿದ್ದನ್ನು ಪ್ರತಿಭಟಿಸಿ, ಇನ್ನಿಬ್ಬರು ಹಿರಿಯರಂತೆಯೇ ರಾಜೀನಾಮೆ ಕೊಟ್ಟರು. ಆ ನಿಲುವು ನಿಜಕ್ಕೂ ಗೌರವಾರ್ಹ. 1977ರ ಚುನಾವಣೆಯಲ್ಲಿ ರಾಜ್ಯದ 28 ಕ್ಷೇತ್ರಗಳ ಪೈಕಿ ಜನತಾ ಪಕ್ಷಕ್ಕೆ ದಕ್ಕಿದ ಎರಡರಲ್ಲಿ ಒಂದಾದ ಬೆಂಗಳೂರು ದಕ್ಷಿಣದಿಂದ ಗೆದ್ದ ಹೆಗ್ಡೆಯವರು, ಅದೇ ವರ್ಷ ಜುಲೈನಲ್ಲಿ ಲೋಕಸಭೆಯ ಸ್ಪೀಕರ್ ಆಗಿ ಆಯ್ಕೆಯಾದರು.