‘ಅನಿಮಲ್ ಫಾರ್ಮ್’: ಚಿತ್ರ ಸೇರಿದ ಪುಸ್ತಕ, ಕಾಣೆಯಾಗಿದ್ದ ಮುನ್ನುಡಿ

ಡಿಗ್ರಿಯಲ್ಲಿದ್ದಾಗ ನಾನು ಓದಿದ್ದು ಫುಟ್‌ಪಾತಿನಲ್ಲಿ ಕೊಂಡ ತೆಳು ‘ಅನಿಮಲ್ ಫಾರ್ಮ್’. ಚಿತ್ರ ಇಲ್ಲ, ಮುನ್ನುಡಿ ಇಲ್ಲ. ನೆಪೋಲಿಯನ್ ಅನ್ನೋ ಹಂದಿ ಅಂದ್ರೆ ಸ್ಟಾಲಿನ್, ಕ್ರಾಂತಿಯ ಹಣೆಬರಹವೇ ಇಷ್ಟು ಅಂದುಕೊಂಡು ಪುಸ್ತಕ ಮುಚ್ಚಿಟ್ಟೆ. ಸೋಷಿಯಲ್ ಮೀಡಿಯಾ ಜಗಳಗಳಲ್ಲಿ ಎಡಪಂಥೀಯರ ಬಾಯಿ ಮುಚ್ಚಿಸೋಕೆ ಈ ಕತೆ ಇವತ್ತಿಗೂ ಬಳಕೆಯಾಗೋದು ಹೀಗೇ. ಅದು ಅರ್ಧ ಕತೆ ಮಾತ್ರ ಅಂತ ನನಗೆ ಗೊತ್ತಾಗಿದ್ದು ರಾಲ್ಫ್ ಸ್ಟೆಡ್‌ಮನ್ ಚಿತ್ರಗಳಿರುವ ಆವೃತ್ತಿ ಕೈಗೆ ಸಿಕ್ಕಾಗ.

ಕತೆಗೆ 50 ವರ್ಷ ತುಂಬಿದ್ದಕ್ಕೆ 1995ರಲ್ಲಿ ಬಂದ ಇಂಗ್ಲಿಷ್ ಆವೃತ್ತಿ ಇದು. ಸ್ಟೆಡ್‌ಮನ್ ಬ್ರಿಟನ್ನಿನ ವ್ಯಂಗ್ಯಚಿತ್ರಕಾರ. ಶಾಯಿ ಎರಚಿ ಗೀಚಿದಂತೆ ಕಾಣುವ ಗೆರೆಗಳೇ ಅವರ ಗುರುತು. ಇವರ ಪ್ರಾಣಿಗಳಲ್ಲಿ ಮುದ್ದುತನ ಹುಡುಕಬೇಡಿ. (ಪ್ರಾಣಿ ಕತೆ ಅಂತ ಪುಟ್ಟ ಮಕ್ಕಳಿಗೆ ಉಡುಗೊರೆ ಕೊಡೋ ಮೊದಲು ಒಮ್ಮೆ ತಿರುವಿ ನೋಡಿ.) ಚಿತ್ರಗಳ ಜೊತೆಗೆ ಜಾರ್ಜ್ ಆರ್ವೆಲ್ ಬರೆದ ಎರಡು ಮುನ್ನುಡಿಗಳೂ ಇದರಲ್ಲಿವೆ.

ಮೊದಲನೆಯದು 1945ರ ಮೂಲ ಪುಸ್ತಕದಲ್ಲಿ ಅಚ್ಚಾಗಲೇ ಇಲ್ಲ. ಆರ್ವೆಲ್ ಕತೆ ಮುಗಿಸಿದ್ದು 1944ರಲ್ಲಿ. ಆಗ ಸೋವಿಯತ್ ರಷ್ಯಾ ಬ್ರಿಟನ್ನಿನ ಯುದ್ಧಮಿತ್ರ. ಗೊಲಾಂಜ್ ಬೇಡ ಅಂದರು. ಜೊನಾಥನ್ ಕೇಪ್ ಒಪ್ಪುವ ಹಂತಕ್ಕೆ ಬಂದು, ಮಾಹಿತಿ ಸಚಿವಾಲಯದ ಅಧಿಕಾರಿಯೊಬ್ಬನ ಮಾತು ಕೇಳಿ ಹಿಂದೆ ಸರಿದರು. ಆತ ಸೋವಿಯತ್ ಏಜೆಂಟ್ ಅಂತ ಆಮೇಲೆ ಬಯಲಾಯ್ತು. ಫೇಬರ್ ಸಂಸ್ಥೆಯಲ್ಲಿದ್ದ ಕವಿ ಟಿ.ಎಸ್. ಎಲಿಯಟ್ ಕೂಡ ತಿರಸ್ಕರಿಸಿದರು. ಕೊನೆಗೆ ಸೆಕರ್ ಅಂಡ್ ವಾರ್ಬರ್ಗ್ ಪ್ರಕಟಿಸಿತು. ಈ ಅನುಭವದಿಂದಲೇ ಹುಟ್ಟಿದ ಮುನ್ನುಡಿಯಲ್ಲಿ ಆರ್ವೆಲ್ ಬೈದಿರೋದು ಬ್ರಿಟನ್ನಿನ ಸಂಪಾದಕರನ್ನು, ಬುದ್ಧಿಜೀವಿಗಳನ್ನು. ಸರ್ಕಾರ ನಿಷೇಧಿಸಬೇಕಾಗೇ ಇಲ್ಲ, ಇವರೇ ಬಾಯಿಗೆ ಬೀಗ ಹಾಕ್ಕೋತಾರೆ ಅನ್ನೋದು ಅವರ ತಕರಾರು. ಇದು ಓದುಗರ ಕಣ್ಣಿಗೆ ಬಿದ್ದಿದ್ದು 1972ರಲ್ಲಿ, ಟೈಮ್ಸ್ ಲಿಟರರಿ ಸಪ್ಲಿಮೆಂಟ್‌ನಲ್ಲಿ. ಅಷ್ಟರಲ್ಲಿ ಆರ್ವೆಲ್ ತೀರಿಕೊಂಡು 22 ವರ್ಷ ಆಗಿತ್ತು.

ಈ ಮಧ್ಯೆ ಶೀತಲ ಸಮರದವರು ಕತೆಯನ್ನು ತಮ್ಮದಾಗಿಸಿಕೊಂಡಿದ್ದರು, ಅದೂ ಚಿತ್ರಗಳ ಮೂಲಕ. 1954ರಲ್ಲಿ ಹಲಾಸ್ ಮತ್ತು ಬ್ಯಾಚೆಲರ್ ದಂಪತಿ ಮಾಡಿದ ಅನಿಮೇಷನ್ ಸಿನಿಮಾದ ಹಿಂದೆ ಇದ್ದದ್ದು ಸಿಐಎ ದುಡ್ಡು. ಪುಸ್ತಕದ ಕೊನೆಯಲ್ಲಿ ಹಂದಿಗಳು ಪಕ್ಕದ ತೋಟದ ಮಾಲೀಕರ ಜೊತೆ ಕೂತು ಕುಡಿಯುತ್ತವೆ, ಯಾರು ಹಂದಿ, ಯಾರು ಮನುಷ್ಯ ಅಂತ ಉಳಿದ ಪ್ರಾಣಿಗಳಿಗೆ ಗೊತ್ತೇ ಆಗಲ್ಲ. ಸಿನಿಮಾ ಆ ಕೂಟದಿಂದ ಮನುಷ್ಯರನ್ನೇ ತೆಗೆದುಹಾಕಿ, ಹಂದಿಗಳ ಮೇಲೆ ಉಳಿದ ಪ್ರಾಣಿಗಳು ದಂಗೆ ಏಳುವ ಹಾಗೆ ಮಾಡಿತು. ಮಾಲೀಕರು ಬಚಾವ್! ಸ್ಟೆಡ್‌ಮನ್ ಚಿತ್ರಗಳು ಇರೋದು ಆರ್ವೆಲ್ಲರ ಪಠ್ಯದ ಜೊತೆಗೇ, ಆ ಕೂಟ ಅಲ್ಲಿ ಹಾಗೇ ಇದೆ.

ಎರಡನೇ ಮುನ್ನುಡಿ 1947ರ ಉಕ್ರೇನಿಯನ್ ಅನುವಾದಕ್ಕೆ ಬರೆದದ್ದು, ಜರ್ಮನಿಯ ನಿರಾಶ್ರಿತರ ಶಿಬಿರಗಳಲ್ಲಿದ್ದ ಓದುಗರಿಗಾಗಿ. ಸುಮಾರು ಹತ್ತು ವರ್ಷದ ಹುಡುಗನೊಬ್ಬ ದೊಡ್ಡ ಗಾಡಿಕುದುರೆಗೆ ಚಾಟಿ ಬೀಸುತ್ತಾ ಹೋಗುತ್ತಿದ್ದುದನ್ನು ಆರ್ವೆಲ್ ಕಂಡರಂತೆ. ಇವಕ್ಕೆ ತಮ್ಮ ಬಲ ಗೊತ್ತಾದರೆ ನಮ್ಮ ಆಟ ನಡೆಯಲ್ಲ, ಉಳ್ಳವರು ದುಡಿಯುವವರನ್ನು ಬಳಸಿಕೊಳ್ಳೋದೂ ಹೀಗೇ ಅನಿಸಿತಂತೆ. ಕತೆ ಶುರುವಾಗಿದ್ದು ಅಲ್ಲಿ. ಆ ಅನುವಾದದ ಸಾವಿರಕ್ಕೂ ಹೆಚ್ಚು ಪ್ರತಿಗಳನ್ನು ಜರ್ಮನಿಯಲ್ಲಿದ್ದ ಅಮೆರಿಕನ್ ಅಧಿಕಾರಿಗಳೇ ವಶಪಡಿಸಿಕೊಂಡು ಸೋವಿಯತ್ ಕೈಗೆ ಒಪ್ಪಿಸಿದರು. ಮುನ್ನುಡಿಯ ಇಂಗ್ಲಿಷ್ ಮೂಲವೂ ಉಳಿದಿಲ್ಲ. ನಾವು ಈಗ ಓದೋದು ಉಕ್ರೇನಿಯನ್‌ನಿಂದ ವಾಪಸ್ ಇಂಗ್ಲಿಷಿಗೆ ತಂದದ್ದು.